ಸನ್ನೆಯನ್ನು ಮಾತಾಗಿಸುವ ಕೈಗವಸು, ಆ್ಯಪ್‌ಗಳು ಹೇಗೆ ಕೆಲಸ ಮಾಡುತ್ತವೆ? ಮುಂಬೈನ ಕಿವುಡರಿಗೆ ಅವುಗಳಿಂದ ಎಷ್ಟು ಉಪಯೋಗ? ಇಲ್ಲಿದೆ ಮಾಹಿತಿ

ಕೈಗವಸು ತೊಟ್ಟು ಸನ್ನೆ ಮಾಡಿದರೆ ಸಾಕು, ಸ್ಪೀಕರ್‌ನಿಂದ ಮಾತು ಹೊರಡುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಪ್ರದರ್ಶನದ ಸಮಯ ಬಂತೆಂದರೆ ಇಂಥದ್ದೊಂದು ಸುದ್ದಿ ಇದ್ದೇ ಇರುತ್ತದೆ. 'ಶೇ. 99ರಷ್ಟು ನಿಖರ' ಎಂಬ ಸಾಲೂ ಜತೆಗಿರುತ್ತದೆ. ಸುದ್ದಿ ಓದಿದ ಕಿವುಡ ಮಗುವಿನ ತಂದೆ ತಾಯಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು?

ನಿಜ ಹೇಳಬೇಕೆಂದರೆ, ಆಯ್ದ ಕೆಲವು ಸನ್ನೆಗಳನ್ನು ಗುರುತಿಸುವ ಯಂತ್ರಗಳು ಬಂದಿವೆ. ಆದರೆ ಒಬ್ಬ ಕಿವುಡ ವ್ಯಕ್ತಿ ಸಹಜವಾಗಿ ಆಡುವ ಸಂಜ್ಞಾ ಭಾಷೆಯನ್ನು ನಂಬಿಕೆಯಿಂದ ಮಾತಿಗೆ ತಿರುಗಿಸುವ ಯಂತ್ರ ಭಾರತೀಯ ಸಂಜ್ಞಾ ಭಾಷೆಯ ಮಟ್ಟಿಗೆ ಇನ್ನೂ ಸಿದ್ಧವಾಗಿಲ್ಲ. ಇವೆರಡರ ನಡುವಿನ ಅಂತರ ಎಷ್ಟು, ಅದು ಏಕೆ ಇದೆ, ಅಲ್ಲಿಯವರೆಗೆ ಏನು ಮಾಡಬಹುದು ಎಂಬುದನ್ನು ಮುಂಬೈ ಮಹಾನಗರದ ಉದಾಹರಣೆಗಳೊಂದಿಗೆ ಇಲ್ಲಿ ನೋಡೋಣ.

ಭಾರತದಲ್ಲಿ ಎಷ್ಟು ಜನ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣ ದೋಷವುಳ್ಳವರು ಸುಮಾರು 50.7 ಲಕ್ಷ. ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟ ಇರುವವರನ್ನು ಕಿವುಡರು ಎಂದೂ, 60ರಿಂದ 70 ಡೆಸಿಬಲ್ ನಷ್ಟ ಇರುವವರನ್ನು ಮಂದ ಶ್ರವಣದವರು ಎಂದೂ ಗುರುತಿಸುತ್ತದೆ. 'ಸಂವಹನ' ಎಂಬ ಪದಕ್ಕೆ ಅದೇ ಕಾಯ್ದೆ ಕೊಡುವ ಅರ್ಥದಲ್ಲಿ ಸಂಜ್ಞಾ ಭಾಷೆಯೂ ಸೇರಿದೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಕೊಳ್ಳಬೇಕು. 'ಕಿವುಡ ಮೂಗ' ಎಂಬ ಜೋಡಿ ಪದ ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಆದರೆ ಕಿವುಡರಲ್ಲಿ ಬಹುತೇಕರ ಗಂಟಲಿಗೆ, ನಾಲಿಗೆಗೆ ಏನೂ ಆಗಿರುವುದಿಲ್ಲ. ಮಾತು ಕಿವಿಗೆ ಬೀಳದ ಕಾರಣ ಅದನ್ನು ಕಲಿಯುವ ಸಹಜ ದಾರಿ ಮುಚ್ಚಿರುತ್ತದೆ ಅಷ್ಟೇ. ಅವರಿಗೆ ಭಾಷೆ ಇಲ್ಲ ಎನ್ನುವುದು ಸರಿಯಲ್ಲ. ಅವರ ಭಾಷೆ ಕೈ ಮತ್ತು ಮುಖದಲ್ಲಿದೆ.

ಮುಂಬೈಗೂ ಸಂಜ್ಞಾ ಭಾಷೆಗೂ ಏನು ನಂಟು?

ಭಾರತದ ಮೊದಲ ಕಿವುಡರ ಶಾಲೆ ಆರಂಭವಾದದ್ದು ಮುಂಬೈನಲ್ಲಿ, 1880ರ ದಶಕದಲ್ಲಿ. ಆದರೆ ಆಗ ಶಾಲೆಗಳಲ್ಲಿ ಸನ್ನೆಗೆ ಮರ್ಯಾದೆ ಇರಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಶಿಕ್ಷಕರ ಸಮಾವೇಶವು ಕಿವುಡ ಮಕ್ಕಳಿಗೆ ಬಾಯಿ ಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿತ್ತು. ಅದರ ಪ್ರಭಾವ ಭಾರತದ ಶಾಲೆಗಳ ಮೇಲೂ ದೀರ್ಘಕಾಲ ಉಳಿಯಿತು. ತರಗತಿಯಲ್ಲಿ ತುಟಿ ನೋಡಿ ಕಲಿಯಬೇಕಾದ ಮಕ್ಕಳು ಆಟದ ಬಯಲಿನಲ್ಲಿ, ಹಾಸ್ಟೆಲ್‌ನಲ್ಲಿ ತಮ್ಮೊಳಗೆ ಸನ್ನೆ ಭಾಷೆಯನ್ನು ಉಳಿಸಿ ಬೆಳೆಸಿದರು.

1970ರ ದಶಕದ ಕೊನೆಯಲ್ಲಿ ಕಿವುಡ ವಿದ್ವಾಂಸ ಮದನ್ ವಸಿಷ್ಠ ಮತ್ತು ಅಮೆರಿಕದ ಭಾಷಾತಜ್ಞ ಜೇಮ್ಸ್ ವುಡ್‌ವರ್ಡ್ ಅವರ ತಂಡ ದೆಹಲಿ, ಕೋಲ್ಕತ್ತ, ಮುಂಬೈ ಮತ್ತು ಬೆಂಗಳೂರಿನ ಸನ್ನೆಗಳನ್ನು ಹೋಲಿಸಿ ನೋಡಿತು. ನಾಲ್ಕೂ ನಗರಗಳ ಸನ್ನೆಗಳಲ್ಲಿ ಸುಮಾರು ಶೇ. 75ರಷ್ಟು ಒಂದಕ್ಕೊಂದು ಸಂಬಂಧ ಹೊಂದಿವೆ ಎಂದು ಗೊತ್ತಾಯಿತು. ಅಂದರೆ ಇವು ಊರಿಗೊಂದು ಭಾಷೆಯಲ್ಲ, ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ ಒಂದೇ ಭಾಷೆಯ ಪ್ರಾದೇಶಿಕ ರೂಪಗಳು. 1980ರ ದಶಕದಲ್ಲಿ ನಾಲ್ಕೂ ನಗರಗಳ ರೂಪಗಳಿಗೆ ಪ್ರತ್ಯೇಕ ಪುಸ್ತಕಗಳು ಬಂದವು.

1983ರಲ್ಲಿ ಬಾಂದ್ರಾದಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ವಾಕ್ ಮತ್ತು ಶ್ರವಣ ಕ್ಷೇತ್ರದ ಕೇಂದ್ರ ಸರ್ಕಾರದ ಸಂಸ್ಥೆ. 2001ರಲ್ಲಿ ಭಾರತೀಯ ಸಂಜ್ಞಾ ಭಾಷೆಯ ವ್ಯವಸ್ಥಿತ ಕೋರ್ಸ್‌ಗಳು ಆರಂಭವಾದದ್ದು ಇಲ್ಲೇ. ಕನ್ನಡಿಗರಿಗೆ ಪರಿಚಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಿಂತ ಹಳೆಯದು, 1965ರದ್ದು.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಸನ್ನೆಯನ್ನು ಮಾತಾಗಿಸಲು ಯಂತ್ರ ಮೂರು ಕೆಲಸ ಮಾಡಬೇಕು. ಮೊದಲು ಕೈ ಏನು ಮಾಡಿತು ಎಂದು ಗುರುತಿಸಬೇಕು. ನಂತರ ಅದಕ್ಕೆ ಸರಿಯಾದ ಪದ ಮತ್ತು ವಾಕ್ಯ ಹುಡುಕಬೇಕು. ಕೊನೆಗೆ ಆ ವಾಕ್ಯವನ್ನು ಧ್ವನಿಯಾಗಿಸಬೇಕು. ಮೂರನೆಯ ಕೆಲಸ ಈಗ ಸುಲಭ. ಕನ್ನಡದ ಬರಹವನ್ನು ಓದಿ ಹೇಳುವ ತಂತ್ರಾಂಶ ಸಾಮಾನ್ಯ ಮೊಬೈಲ್‌ನಲ್ಲೇ ಇದೆ. ಕಷ್ಟ ಇರುವುದು ಮೊದಲ ಎರಡರಲ್ಲಿ.

ಗುರುತಿಸಲು ಎರಡು ದಾರಿಗಳಿವೆ.

ಕೈಗವಸು: ಪ್ರತಿ ಬೆರಳಿನ ಮೇಲೆ ಬಾಗುವ ಸೆನ್ಸರ್ ಇರುತ್ತದೆ. ಬೆರಳು ಮಡಚಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಮಣಿಕಟ್ಟಿನ ಬಳಿ ಚಲನೆ ಅಳೆಯುವ ಮತ್ತೊಂದು ಸೆನ್ಸರ್ ಇರುತ್ತದೆ. ಈ ಅಂಕಿಗಳು ಪುಟ್ಟ ಸರ್ಕ್ಯೂಟ್ ಬೋರ್ಡ್‌ಗೆ ಹೋಗಿ, ಬ್ಲೂಟೂತ್ ಮೂಲಕ ಮೊಬೈಲ್ ಸೇರುತ್ತವೆ. ಮೊದಲೇ ಕಲಿಸಿಟ್ಟ ಮಾದರಿಗೆ ಹೊಂದಿದರೆ ಪದ ಹೊರಬರುತ್ತದೆ.

ಕ್ಯಾಮೆರಾ: ಮೊಬೈಲ್ ಅಥವಾ ಲ್ಯಾಪ್‌ಟಾಪ್ ಕ್ಯಾಮೆರಾ ಕೈಯನ್ನು ನೋಡುತ್ತದೆ. ಗೂಗಲ್ 2019ರಲ್ಲಿ ಬಿಡುಗಡೆ ಮಾಡಿದ ಮೀಡಿಯಾಪೈಪ್ ತಂತ್ರಾಂಶ ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸಿ ಅವುಗಳ ಚಲನೆಯನ್ನು ಹಿಂಬಾಲಿಸುತ್ತದೆ. ವಿದ್ಯಾರ್ಥಿಗಳ ಇತ್ತೀಚಿನ ಪ್ರಾಜೆಕ್ಟ್‌ಗಳಲ್ಲಿ ಇಂಥ ಸಿದ್ಧ ತಂತ್ರಾಂಶಗಳ ಬಳಕೆ ಹೆಚ್ಚು. ಕೈಗವಸಿನ ಖರ್ಚಿಲ್ಲ ಎಂಬುದು ಇದರ ಅನುಕೂಲ. ಮಂದ ಬೆಳಕು, ಹಿಂದಿನ ಜನಜಂಗುಳಿ, ಒಂದು ಕೈ ಇನ್ನೊಂದನ್ನು ಮರೆಮಾಡುವುದು ಇದರ ತೊಡಕುಗಳು.

ಭಾರತೀಯ ಸಂಜ್ಞಾ ಭಾಷೆಗೆ ಕೈಗವಸಿನಲ್ಲಿ ಇನ್ನೊಂದು ಸಮಸ್ಯೆಯಿದೆ. ಅಮೆರಿಕದ ಸಂಜ್ಞಾ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರಿಟನ್ ಮಾದರಿಯ ಎರಡು ಕೈಗಳ ಅಕ್ಷರಮಾಲೆ. ಎ, ಇ, ಐ, ಒ, ಯು ಎಂಬ ಐದು ಸ್ವರಗಳಿಗೆ ಒಂದು ಕೈಯ ತೋರುಬೆರಳಿನಿಂದ ಇನ್ನೊಂದು ಕೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕ್ರಮವಾಗಿ ತುದಿಗಳನ್ನು ಮುಟ್ಟುತ್ತಾರೆ. ಬೆರಳು ಎಷ್ಟು ಬಾಗಿತು ಎಂದಷ್ಟೇ ಅಳೆಯುವ ಕೈಗವಸಿಗೆ ಯಾವ ಬೆರಳು ಯಾವುದನ್ನು ಮುಟ್ಟಿತು ಎಂಬುದು ತಿಳಿಯುವುದಿಲ್ಲ. ಒಂದೇ ಕೈಗೆ ಹಾಕುವ ಗವಸಂತೂ ಅರ್ಧ ಮಾತನ್ನೇ ಬಿಟ್ಟುಬಿಡುತ್ತದೆ.

ಮುಂಬೈ ವಿದ್ಯಾರ್ಥಿಗಳ ಪ್ರಯೋಗ

2018ರಲ್ಲಿ ಮುಂಬೈ ವಿಶ್ವವಿದ್ಯಾಲಯ ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜೊಂದರ ತಂಡ ಬೆಂಗಳೂರಿನಲ್ಲಿ ನಡೆದ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿತು. ಕೈಗವಸು, ವಿಶೇಷ ಕ್ಯಾಮೆರಾ ಯಾವುದೂ ಇಲ್ಲದೆ, ಸಾಮಾನ್ಯ ಸ್ಮಾರ್ಟ್‌ಫೋನ್ ಕ್ಯಾಮೆರಾದಿಂದಲೇ ಭಾರತೀಯ ಸಂಜ್ಞಾ ಭಾಷೆಯ ಸನ್ನೆ ಗುರುತಿಸುವ ವ್ಯವಸ್ಥೆ ಅದು. ಫೋನ್ ಸೆರೆಹಿಡಿದ ಚಿತ್ರಗಳು ಸರ್ವರ್‌ಗೆ ಹೋಗುತ್ತವೆ, ಚರ್ಮದ ಬಣ್ಣದ ಆಧಾರದಲ್ಲಿ ಕೈಯನ್ನು ಬೇರ್ಪಡಿಸಿ, ಉತ್ತರ ವಾಪಸ್ ಬರುತ್ತದೆ. 33 ಸ್ಥಿರ ಹಸ್ತಮುದ್ರೆಗಳಲ್ಲಿ ಶೇ. 99.7, 12 ಚಲಿಸುವ ಸನ್ನೆಗಳಲ್ಲಿ ಶೇ. 97.23ರಷ್ಟು ನಿಖರತೆ ಸಿಕ್ಕಿತು.

ವಿದ್ಯಾರ್ಥಿಗಳ ಮಟ್ಟಿಗೆ ಇದು ಒಳ್ಳೆಯ ಕೆಲಸ. ಅಂಕಿಯೂ ಪ್ರಾಮಾಣಿಕ. ಆದರೆ ಸುದ್ದಿಯ ತಲೆಬರಹದಲ್ಲಿ ಶೇ. 99 ಉಳಿದು, '33 ಮುದ್ರೆ, 12 ಸನ್ನೆ' ಎಂಬುದು ಮರೆಯಾದರೆ ಓದುಗ ದಾರಿ ತಪ್ಪುತ್ತಾನೆ.

ವಿದೇಶದ ಕಥೆಯೂ ಬೇರೆಯಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಸಂಶೋಧಕರಿದ್ದ ತಂಡ 'ನೇಚರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೈಗವಸು 660 ಸನ್ನೆ ಮಾದರಿಗಳಲ್ಲಿ ಶೇ. 98.63ರಷ್ಟು ನಿಖರತೆ ತೋರಿತು. 2022ರಲ್ಲಿ ವೆಲ್ಲೂರಿನ ವಿದ್ಯಾರ್ಥಿನಿಯೊಬ್ಬರ ಎಐ ಮಾದರಿ ಸಾಮಾಜಿಕ ಜಾಲತಾಣದಲ್ಲಿ ವೈರಲ್ ಆಯಿತು. ಅದು ಗುರುತಿಸುತ್ತಿದ್ದದ್ದು ಅಮೆರಿಕದ ಸಂಜ್ಞಾ ಭಾಷೆಯ ಆರು ಸನ್ನೆಗಳನ್ನು ಮಾತ್ರ.

ಶೇ. 95 ನಿಖರ ಎಂದರೆ ಎಷ್ಟು?

ಒಂದು ಸರಳ ಲೆಕ್ಕ ನೋಡಿ. ಯಂತ್ರವೊಂದು ಪ್ರತಿ ಸನ್ನೆಯನ್ನು ಶೇ. 95ರಷ್ಟು ಸರಿಯಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಸನ್ನೆಗಳಿರುವ ಒಂದು ಮಾತು ಪೂರ್ತಿ ಸರಿಯಾಗಿ ಬರುವ ಸಾಧ್ಯತೆ 0.95ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ. 60. ಹತ್ತು ಮಾತಿನಲ್ಲಿ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ತಪ್ಪು.

ಇನ್ನು ಶಬ್ದಕೋಶ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2019ರಲ್ಲಿ ಅದು 6,000ಕ್ಕೆ, 2021ರಲ್ಲಿ 10,000ಕ್ಕೆ ಏರಿತು. ಅದರ ಮುಂದೆ 12 ಸನ್ನೆ, 33 ಮುದ್ರೆಗಳನ್ನು ಇಟ್ಟು ನೋಡಿದರೆ ಹೋಗಬೇಕಾದ ದೂರ ಅರ್ಥವಾಗುತ್ತದೆ.

ಎಐಗೆ ಕಲಿಸಲು ವಿಡಿಯೊಗಳ ಸಂಗ್ರಹವೂ ಬೇಕು. 2020ರಲ್ಲಿ ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 263 ಪದಗಳ 4,287 ವಿಡಿಯೊಗಳ 'ಇನ್‌ಕ್ಲೂಡ್' ಸಂಗ್ರಹ ಹೊರತಂದಿತು. 2024ರಲ್ಲಿ ಐಐಟಿ ಕಾನ್ಪುರದ ತಂಡ 'ಐಸೈನ್' ಹೆಸರಿನಲ್ಲಿ 1.18 ಲಕ್ಷ ವಿಡಿಯೊ ಮತ್ತು ಇಂಗ್ಲಿಷ್ ವಾಕ್ಯಗಳ ಜೋಡಿ ಸಿದ್ಧಪಡಿಸಿತು. ಕಿವುಡರಿಗಾಗಿ ಸಂಜ್ಞಾ ಭಾಷೆಯಲ್ಲಿ ಸುದ್ದಿ ಕೊಡುವ ಮುಂಬೈನ ಐಎಸ್‌ಎಚ್ ನ್ಯೂಸ್‌ನ ವಿಡಿಯೊಗಳೂ ಇದರಲ್ಲಿವೆ. ಇಷ್ಟೆಲ್ಲ ಇದ್ದರೂ ಪೂರ್ಣ ವಾಕ್ಯಗಳ ಅನುವಾದದಲ್ಲಿ ಯಂತ್ರ ಪಡೆದ ಅಂಕ ತೀರಾ ಕಡಿಮೆ. ಬಿಡಿ ಪದ ಗುರುತಿಸುವುದಕ್ಕೂ ಮಾತು ಅರ್ಥ ಮಾಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದೇ.

ಮುಖವೂ ವ್ಯಾಕರಣದ ಭಾಗ

ಕನ್ನಡದಲ್ಲಿ 'ಬಂದ' ಎಂಬುದಕ್ಕೆ ಕೊನೆಯಲ್ಲಿ 'ಆ' ಸೇರಿಸಿದರೆ 'ಬಂದನಾ?' ಎಂಬ ಪ್ರಶ್ನೆಯಾಗುತ್ತದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಆ ಕೆಲಸವನ್ನು ಹುಬ್ಬು ಮಾಡುತ್ತದೆ. ಕೈಯ ಸನ್ನೆ ಅದೇ ಇರುತ್ತದೆ, ಹುಬ್ಬು ಮೇಲೇರಿದರೆ ಅದು ಪ್ರಶ್ನೆ. 'ಏನು', 'ಎಲ್ಲಿ' ಮುಂತಾದ ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. 'ಕೊಡು' ಎಂಬ ಸನ್ನೆ ಯಾರಿಂದ ಯಾರ ಕಡೆಗೆ ಚಲಿಸಿತು ಎಂಬುದರ ಮೇಲೆ 'ನಾನು ನಿನಗೆ ಕೊಟ್ಟೆ' ಅಥವಾ 'ನೀನು ನನಗೆ ಕೊಟ್ಟೆ' ಎಂಬ ಅರ್ಥ ಬರುತ್ತದೆ. ತಲೆ ಅಲ್ಲಾಡಿಸುವುದು ಮಾತಿಗೆ 'ಇಲ್ಲ' ಎಂಬ ಅರ್ಥ ಸೇರಿಸಬಲ್ಲದು.

ಕೈಗವಸಿಗೆ ಹುಬ್ಬು ಕಾಣಿಸುವುದಿಲ್ಲ, ತಲೆಯೂ ಕಾಣಿಸುವುದಿಲ್ಲ. ಆಸ್ಪತ್ರೆಯಲ್ಲಿ 'ಎದೆ ನೋವು ಇಲ್ಲ' ಎಂದ ರೋಗಿಯ ಮಾತು 'ಎದೆ ನೋವು' ಎಂದಷ್ಟೇ ಹೊರಬಂದರೆ ಏನಾಗಬಹುದು? 'ಈ ಮಾತ್ರೆ ತಗೊಳ್ಳಬಹುದಾ?' ಎಂಬ ಪ್ರಶ್ನೆ 'ಈ ಮಾತ್ರೆ ತಗೊಂಡೆ' ಎಂದಾದರೆ? ತಪ್ಪಾಗಿ ಹೇಳಿದ್ದು ಯಂತ್ರ ಎಂಬುದು ಎದುರಿನ ವೈದ್ಯರಿಗೆ ತಿಳಿಯುವುದಿಲ್ಲ. ಯಂತ್ರದ ಧ್ವನಿ ಕೇಳಿಸದ ಕಾರಣ, ತನ್ನ ಹೆಸರಿನಲ್ಲಿ ಏನು ಹೇಳಲಾಯಿತು ಎಂಬುದು ರೋಗಿಗೂ ತಿಳಿಯುವುದಿಲ್ಲ. ಈ ತಂತ್ರಜ್ಞಾನದ ದೊಡ್ಡ ಅಪಾಯ ಇರುವುದು ಇಲ್ಲೇ.

ಕಿವುಡರ ಆಕ್ಷೇಪ ಏನು?

2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ 'ಸೈನ್‌ಅಲೌಡ್' ಕೈಗವಸಿಗೆ 10,000 ಡಾಲರ್ ಮೊತ್ತದ ಪ್ರತಿಷ್ಠಿತ ಲೆಮೆಲ್ಸನ್-ಎಂಐಟಿ ವಿದ್ಯಾರ್ಥಿ ಪ್ರಶಸ್ತಿ ಬಂತು. ಅದೇ ವಿಶ್ವವಿದ್ಯಾಲಯದ ಸಂಜ್ಞಾ ಭಾಷಾ ಬೋಧಕರು ಮತ್ತು ಭಾಷಾತಜ್ಞರು ಬಹಿರಂಗ ಪತ್ರ ಬರೆದು ಇದನ್ನು ಟೀಕಿಸಿದರು. ಕೈಯ ಚಲನೆ ಮಾತ್ರ ಸಂಜ್ಞಾ ಭಾಷೆಯಲ್ಲ, ಭಾಷೆಯ ಒಡೆಯರಾದ ಕಿವುಡರನ್ನು ಕೇಳದೆ ಸಾಧನ ಮಾಡಬಾರದು ಎಂಬುದು ಅವರ ವಾದದ ಸಾರ.

ಇನ್ನೊಂದು ಆಕ್ಷೇಪವೂ ಇದೆ. ಕೈಗವಸು ಕಿವುಡರ ಮಾತನ್ನು ಕೇಳುವವರಿಗೆ ತಲುಪಿಸುತ್ತದೆ. ಕೇಳುವವರ ಉತ್ತರ ಕಿವುಡರಿಗೆ ಹೇಗೆ ತಲುಪಬೇಕು? ಸಾಧನ ಕೊಳ್ಳುವುದು, ತೊಡುವುದು, ಚಾರ್ಜ್ ಮಾಡುವುದು ಎಲ್ಲವೂ ಕಿವುಡರದ್ದೇ ಕೆಲಸ, ಅನುಕೂಲ ಮಾತ್ರ ಎದುರಿನವರದ್ದು.

ಲೋಕಲ್ ರೈಲಿನಲ್ಲಿ ಸಂಭಾಷಣೆ

ಮುಂಬೈನ ಕಿವುಡರು ಯಂತ್ರಕ್ಕಾಗಿ ಕಾದು ಕೂತಿಲ್ಲ. ಬೆಲ್ಜಿಯಂ ಮೂಲದ ಕಿವುಡ ಮಾನವಶಾಸ್ತ್ರಜ್ಞೆ ಆನೆಲೀಸ್ ಕುಸ್ಟರ್ಸ್ ಇಲ್ಲಿನ ಲೋಕಲ್ ರೈಲುಗಳನ್ನು ಅಧ್ಯಯನ ಮಾಡಿ 2009ರಲ್ಲಿ ಲೇಖನ ಪ್ರಕಟಿಸಿದರು. ಅಂಗವಿಕಲರಿಗೆ ಮೀಸಲಾದ ಬೋಗಿಗಳು ಕಿವುಡರ ಭೇಟಿಯ ತಾಣಗಳಾಗಿವೆ, ಮನೆ ಮತ್ತು ಕೆಲಸದ ನಡುವಿನ ಪಯಣದಲ್ಲಿ ಸುದ್ದಿ ಹಂಚಿಕೆ, ಹರಟೆ ಎಲ್ಲವೂ ಅಲ್ಲೇ ನಡೆಯುತ್ತದೆ ಎಂದು ಅವರು ದಾಖಲಿಸಿದ್ದಾರೆ.

2015ರಲ್ಲಿ ಅವರೇ ನಿರ್ದೇಶಿಸಿದ 'ಇಶಾರೆ' ಸಾಕ್ಷ್ಯಚಿತ್ರ ಮುಂಬೈನ ಆರು ಕಿವುಡರನ್ನು ಹಿಂಬಾಲಿಸುತ್ತದೆ. ಅವರಲ್ಲಿ ಒಬ್ಬರಿಗೆ ಕಣ್ಣೂ ಕಾಣುವುದಿಲ್ಲ. ತರಕಾರಿ ಕೊಳ್ಳುವುದು, ಅಂಗಡಿಗಳಿಗೆ ಪೆನ್ನು ಮಾರುವುದು, ಕಾಫಿ ಅಂಗಡಿಯಲ್ಲಿ ಗ್ರಾಹಕರನ್ನು ವಿಚಾರಿಸುವುದು ಎಲ್ಲವನ್ನೂ ಅವರು ಕೈಸನ್ನೆ, ತುಟಿ ಚಲನೆ, ಬರವಣಿಗೆಗಳ ಮೂಲಕ ನಿಭಾಯಿಸುತ್ತಾರೆ. ಮರಾಠಿ, ಹಿಂದಿ, ಗುಜರಾತಿ, ಕನ್ನಡ ಎಲ್ಲ ಬೆರೆತ ಈ ಊರಿನಲ್ಲಿ ಕೇಳುವವರೂ ಪರಸ್ಪರ ಕೈಸನ್ನೆ ಮಾಡಿಯೇ ವ್ಯಾಪಾರ ಮುಗಿಸುವುದುಂಟು. 2009ರಲ್ಲಿ ಧ್ರುವ ಲಾಕ್ರಾ ಮುಂಬೈನಲ್ಲಿ ಆರಂಭಿಸಿದ ಮಿರಾಕಲ್ ಕೊರಿಯರ್ಸ್ ಕಿವುಡ ಯುವಕರನ್ನೇ ಡೆಲಿವರಿಗೆ ನೇಮಿಸಿಕೊಂಡು, ಈ ಕೆಲಸಕ್ಕೆ ಮಾತು ಬೇಕೇ ಬೇಕು ಎಂಬ ನಂಬಿಕೆಯನ್ನು ಸುಳ್ಳಾಗಿಸಿತು.

ಅಂದರೆ 'ಹಲೋ', 'ಥ್ಯಾಂಕ್ಸ್', 'ಎಷ್ಟು ರೂಪಾಯಿ' ಎನ್ನಲು ಮುಂಬೈನ ಕಿವುಡರಿಗೆ ಯಂತ್ರ ಬೇಕಿಲ್ಲ. ಪ್ರದರ್ಶನದಲ್ಲಿ ಹೆಚ್ಚಾಗಿ ತೋರಿಸುವುದು ಮಾತ್ರ ಇಂಥ ಪದಗಳನ್ನೇ.

ನಿಜವಾದ ಅಗತ್ಯ ಎಲ್ಲಿದೆ?

ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ, ಬ್ಯಾಂಕ್, ಕಾಲೇಜು ತರಗತಿ. ಇಲ್ಲಿ ಕೈಸನ್ನೆಯ ಅಂದಾಜು ಸಾಲದು, ಪ್ರತಿ ಪದಕ್ಕೂ ಬೆಲೆಯಿದೆ. ಇಲ್ಲಿ ಬೇಕಿರುವುದು ತರಬೇತಿ ಪಡೆದ ದುಭಾಷಿ. ದುಭಾಷಿಗೆ ಅರ್ಥವಾಗದಿದ್ದರೆ 'ಇನ್ನೊಮ್ಮೆ ಹೇಳಿ' ಎಂದು ಕೇಳುತ್ತಾರೆ. ಇಡೀ ದೇಶದ ಅಗತ್ಯಕ್ಕೆ ಹೋಲಿಸಿದರೆ ಅಂಥವರ ಸಂಖ್ಯೆ ಅತ್ಯಂತ ಕಡಿಮೆ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟ್‌ನಲ್ಲಿ ಸಂಜ್ಞಾ ಭಾಷಾ ದುಭಾಷಿಯ ನೆರವಿನಿಂದ ಹಾಜರಾದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನಲ್ಲೂ ವಾದ ಮಂಡಿಸಿದರು. ಇದು ಸಾಧ್ಯವಾದದ್ದು ಒಬ್ಬ ದುಭಾಷಿ ಮತ್ತು ಅವಕಾಶ ಕೊಟ್ಟ ನ್ಯಾಯಪೀಠದಿಂದ, ಕೈಗವಸಿನಿಂದಲ್ಲ.

ಯಂತ್ರ ಯಾವ ಭಾಷೆಯಲ್ಲಿ ಮಾತಾಡಬೇಕು?

ಮುಂಬೈ ಕನ್ನಡಿಗರಿಗೆ ಇದು ಮನೆಯ ಪ್ರಶ್ನೆ. ಡೊಂಬಿವಲಿಯ ಮನೆಯಲ್ಲಿ ಅಮ್ಮ ಅಪ್ಪ ಕನ್ನಡ ಅಥವಾ ತುಳು ಆಡುತ್ತಾರೆ. ರಸ್ತೆಯಲ್ಲಿ ಮರಾಠಿ, ಹಿಂದಿ. ಶಾಲೆಯ ಪುಸ್ತಕ ಇಂಗ್ಲಿಷ್‌ನಲ್ಲಿ. ಊರಿಗೆ ಹೋದರೆ ಅಜ್ಜಿಗೆ ಬರುವುದು ಊರ ಭಾಷೆ ಮಾತ್ರ. ಆದರೆ ಸಂಶೋಧನಾ ಸಂಗ್ರಹಗಳಲ್ಲಿ ಸನ್ನೆಗೆ ಜೋಡಿಸಿರುವುದು ಹೆಚ್ಚಾಗಿ ಇಂಗ್ಲಿಷನ್ನು. ಸನ್ನೆಯಿಂದ ಇಂಗ್ಲಿಷ್, ಅಲ್ಲಿಂದ ಕನ್ನಡ ಎಂದು ಎರಡು ಸಲ ಅನುವಾದವಾದರೆ ತಪ್ಪೂ ಎರಡು ಸಲ ಸೇರುತ್ತದೆ.

ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆ ತಾಯಿಗೆ. ಆ ಮನೆಯಲ್ಲಿ ಸಂಜ್ಞಾ ಭಾಷೆ ಯಾರಿಗೂ ಬರದಿದ್ದರೆ ಮಗು ಅದನ್ನು ಕಲಿಯುವುದೇ ತಡವಾಗುತ್ತದೆ. ಸನ್ನೆಯೇ ಕಲಿಯದ ಮಗುವಿಗೆ ಸನ್ನೆ ಅನುವಾದಿಸುವ ಯಂತ್ರದಿಂದ ಏನು ಉಪಯೋಗ?

ಸದ್ಯಕ್ಕೆ ಏನೇನು ಲಭ್ಯ?

* ಮಾತನ್ನು ಬರಹವಾಗಿಸುವ ಆ್ಯಪ್: ಎದುರಿನವರ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ತಂತ್ರಜ್ಞಾನ ಮುಂದುವರಿದಿದೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂತು. ಓದಲು ಬಲ್ಲವರಿಗೆ ಉಪಯುಕ್ತ.
* ವಿಡಿಯೊ ದುಭಾಷಿ ಸೇವೆ: ದೆಹಲಿಯ ಸಂಜ್ಞಾ ಭಾಷಾ ಕೇಂದ್ರದ ವಾಟ್ಸ್‌ಆ್ಯಪ್ ವಿಡಿಯೊ ಕರೆ ಆಧಾರಿತ ಸೇವೆಗೆ 2023ರ ಸೆಪ್ಟೆಂಬರ್ 23ರಂದು, ಅಂತಾರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನದಂದು ಚಾಲನೆ ಸಿಕ್ಕಿತು.
* ಸೈನ್ ಲರ್ನ್ ಆ್ಯಪ್: 10,000 ಪದಗಳ ನಿಘಂಟು ಆಧರಿಸಿದ ಇದು 2022ರಲ್ಲಿ ಬಿಡುಗಡೆಯಾಯಿತು. ಮನೆಯವರು ಕಲಿಯಲು ಅನುಕೂಲ.
* ಟಿವಿ ಚಾನೆಲ್: ಪಿಎಂ ಇ-ವಿದ್ಯಾ ಸರಣಿಯ 31ನೇ ಚಾನೆಲ್ ಭಾರತೀಯ ಸಂಜ್ಞಾ ಭಾಷೆಗೆ ಮೀಸಲು. 2024ರ ಡಿಸೆಂಬರ್‌ನಲ್ಲಿ ಆರಂಭ.
* ಶಾಲಾ ವಿಷಯ: 2021ರ ಜುಲೈನಲ್ಲಿ ಭಾರತೀಯ ಸಂಜ್ಞಾ ಭಾಷೆಗೆ ಭಾಷಾ ವಿಷಯದ ಸ್ಥಾನ ನೀಡಲಾಯಿತು.

ಗೂಗಲ್ 2025ರ ಮೇನಲ್ಲಿ ಘೋಷಿಸಿದ 'ಸೈನ್‌ಜೆಮ್ಮಾ' ಎಐ ಮಾದರಿಯೂ ಮುಖ್ಯವಾಗಿ ಅಮೆರಿಕದ ಸಂಜ್ಞಾ ಭಾಷೆಯಿಂದ ಇಂಗ್ಲಿಷ್‌ಗೆ ಅನುವಾದಿಸುವಂಥದ್ದು. ನಮ್ಮ ಸಂಜ್ಞಾ ಭಾಷೆಗೆ ಅಂಥದ್ದೇ ಬರಬೇಕಾದರೆ ನಮ್ಮ ಊರುಗಳ ಕಿವುಡರ ವಿಡಿಯೊ, ಶ್ರಮ ಮತ್ತು ಒಪ್ಪಿಗೆ ಮೂರೂ ಬೇಕು.

ಕೊಳ್ಳುವ ಮುನ್ನ ಈ ಆರು ಪ್ರಶ್ನೆ ಕೇಳಿ

1. ಇದು ಭಾರತೀಯ ಸಂಜ್ಞಾ ಭಾಷೆಗಾಗಿ ಮಾಡಿದ್ದೇ, ಅಮೆರಿಕದ್ದಕ್ಕಾಗಿ ಮಾಡಿದ್ದೇ?
2. ಒಟ್ಟು ಎಷ್ಟು ಸನ್ನೆ ಗುರುತಿಸುತ್ತದೆ?
3. ಬಿಡಿ ಪದ ಮಾತ್ರವೇ, ನಿಲ್ಲಿಸದೆ ಆಡಿದ ವಾಕ್ಯವೂ ಅರ್ಥವಾಗುತ್ತದೆಯೇ?
4. ಯಂತ್ರ ಹಿಂದೆಂದೂ ನೋಡದ ಹೊಸ ವ್ಯಕ್ತಿಯ ಮೇಲೆ, ಹೊರಗಿನ ಬೆಳಕಿನಲ್ಲಿ ಪರೀಕ್ಷಿಸಿದ್ದಾರೆಯೇ?
5. ಹೊರಬಂದ ಮಾತು ಪರದೆಯ ಮೇಲೂ ಕಾಣಿಸುತ್ತದೆಯೇ, ತಪ್ಪಿದ್ದರೆ ಕಿವುಡರು ತಿದ್ದಬಹುದೇ?
6. ತಯಾರಿಸಿದ ತಂಡದಲ್ಲಿ ಕಿವುಡರು ಇದ್ದಾರೆಯೇ?

ಈ ಆರಕ್ಕೂ ತೃಪ್ತಿಕರ ಉತ್ತರ ಸಿಗುವ ದಿನ ಯಂತ್ರ ಖಂಡಿತ ನೆರವಾಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಕಿವುಡ ಮಗುವಿದ್ದರೆ ಕೈಗವಸಿಗೆ ಇಟ್ಟ ಹಣವನ್ನೂ ಸಮಯವನ್ನೂ ಮನೆಮಂದಿ ಸಂಜ್ಞಾ ಭಾಷೆ ಕಲಿಯಲು ಬಳಸುವುದು ಒಳ್ಳೆಯದು. ದಿನಕ್ಕೆ ಐದು ಸನ್ನೆ ಕಲಿತರೂ ಒಂದು ವರ್ಷದಲ್ಲಿ 1,800 ದಾಟುತ್ತದೆ. ಇಷ್ಟು ಸನ್ನೆ ಬಲ್ಲ ಅಮ್ಮನಿಗೆ ಮಗುವಿನ ಹುಬ್ಬೂ ಅರ್ಥವಾಗುತ್ತದೆ, ಮಗುವಿಗೆ ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಲು ಬರುತ್ತದೆ.